ಕಸಾಂಡ್ರಾ 3.11ರಿಂದ 4.1ಕ್ಕೆ: ಸೇವೆ ನಿಲ್ಲಿಸದೆ ನಡೆಸಿದ ಅಪ್‌ಗ್ರೇಡ್‌ನ ದಾಖಲೆ

ಅಪಾಚೆ ಕಸಾಂಡ್ರಾ ಎಂಬುದು ಡೇಟಾವನ್ನು ಹಲವು ಯಂತ್ರಗಳಲ್ಲಿ (ನೋಡ್‌ಗಳಲ್ಲಿ) ಹಂಚಿಡುವ ಡೇಟಾಬೇಸ್. ಒಂಬತ್ತು ನೋಡ್‌ಗಳ ನಮ್ಮ ಕಸಾಂಡ್ರಾ ಕ್ಲಸ್ಟರನ್ನು, ಅಂದರೆ ಆ ನೋಡ್‌ಗಳ ಗುಂಪನ್ನು, 3.11ರಿಂದ 4.1ಕ್ಕೆ ಏರಿಸುವ ಕೆಲಸ ಮುಗಿದಿದೆ. ಒಂದು ನೋಡನ್ನು ಇಳಿಸಿ, ಹೊಸ ಆವೃತ್ತಿ ಹಾಕಿ, ಎಬ್ಬಿಸಿ, ಅದು ಸರಿಯಾಗಿ ನಿಂತಿದೆ ಎಂದು ಖಚಿತವಾದ ಮೇಲೆ ಮುಂದಿನದಕ್ಕೆ ಹೋಗುವ ಈ ವಿಧಾನದಲ್ಲಿ ಬಳಕೆದಾರರಿಗೆ ಸೇವೆ ನಿಲ್ಲುವುದಿಲ್ಲ. ಆದರೆ ಅಷ್ಟು ಕಾಲ ಕ್ಲಸ್ಟರಿನ ಒಂದು ಭಾಗ ಹಳೆಯ ಆವೃತ್ತಿಯಲ್ಲೂ ಇನ್ನೊಂದು ಭಾಗ ಹೊಸ ಆವೃತ್ತಿಯಲ್ಲೂ ಇರುತ್ತದೆ. ನೋಡ್ ಇಳಿಸಿ ಎಬ್ಬಿಸುವ ಆಜ್ಞೆಗಳು ಎಲ್ಲ ಕೈಪಿಡಿಗಳಲ್ಲೂ ಸಿಗುತ್ತವೆ. ನಿಜವಾದ ಕಷ್ಟವಿರುವುದು ಆ ಮಿಶ್ರಾವಸ್ಥೆಯಲ್ಲಿ: ಆಗ ಏನನ್ನು ಮಾಡಬಾರದು, ಎಷ್ಟು ಹೊತ್ತು ಹಾಗೆ ಇರಬಹುದು, ಎಲ್ಲಿಯವರೆಗೆ ಹಿಂದಕ್ಕೆ ಬರಬಹುದು ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡಿರಬೇಕು.

ಹಿನ್ನೆಲೆ ಇಷ್ಟು. 3.11 ಬಂದದ್ದು 2017ರಲ್ಲಿ. 2024ರ ಸೆಪ್ಟೆಂಬರಿನಲ್ಲಿ 5.0 ಬಿಡುಗಡೆಯಾದಾಗ 3.11ರ ನಿರ್ವಹಣೆ ಕೊನೆಗೊಂಡಿತು. 3.11ರಿಂದ ನೇರವಾಗಿ 5.0ಕ್ಕೆ ಹಾರಲು ಅವಕಾಶವಿಲ್ಲದ ಕಾರಣ ನಡುವೆ 4.xನಲ್ಲಿ ನಿಲ್ಲಲೇಬೇಕಾಗಿತ್ತು, ನಾವು 4.1ನ್ನು ಆರಿಸಿಕೊಂಡೆವು. ಕ್ಲಸ್ಟರ್ ಇರುವುದು ಅಮೆಜಾನ್ ಕ್ಲೌಡ್‌ನ ಮುಂಬೈ ವಲಯದಲ್ಲಿ. ಅಲ್ಲಿನ ಮೂರು ಅವೈಲಬಿಲಿಟಿ ಝೋನ್‌ಗಳು ನಮಗೆ ಮೂರು ರ‍್ಯಾಕ್‌ಗಳು, ರ‍್ಯಾಕ್ ಒಂದಕ್ಕೆ ಮೂರು ನೋಡ್. ಪ್ರತಿ ನೋಡ್‌ಗೆ 4 ವರ್ಚುವಲ್ ಸಿಪಿಯು, 32 ಜಿಬಿ ಮೆಮೊರಿ, 1 ಟಿಬಿ ಡಿಸ್ಕ್. ಅದರಲ್ಲಿ ಸುಮಾರು 430 ಜಿಬಿ ಡೇಟಾ. ರೆಪ್ಲಿಕೇಶನ್ 3, ಓದು ಮತ್ತು ಬರಹ ಎರಡೂ ಲೋಕಲ್ ಕೋರಂನಲ್ಲಿ. ಅಂದರೆ ಪ್ರತಿಯೊಂದು ಸಾಲಿನ ಮೂರು ಪ್ರತಿಗಳು ಮೂರು ರ‍್ಯಾಕ್‌ಗಳಲ್ಲಿರುತ್ತವೆ, ಅವುಗಳಲ್ಲಿ ಎರಡು ಉತ್ತರ ಕೊಟ್ಟರೆ ಸಾಕು. ಒಂದು ನೋಡ್ ಇಳಿಸಿದಾಗಲೂ ಕೆಲಸ ನಡೆಯುವುದು ಇದರಿಂದಲೇ.

ಹಂತ 1: ಇರುವ ಸ್ಥಿತಿಯ ಪರಿಶೀಲನೆ

ಮೊದಲು ಎಲ್ಲ ನೋಡ್‌ಗಳನ್ನೂ 3.11ರ ಕೊನೆಯ ಉಪ-ಆವೃತ್ತಿಗೆ ತಂದೆವು. ಆಮೇಲೆ ಇಡೀ ಕ್ಲಸ್ಟರಿಗೆ ರಿಪೇರ್, ಅಂದರೆ ಪ್ರತಿಗಳನ್ನು ಪರಸ್ಪರ ಹೋಲಿಸಿ ಸರಿಹೊಂದಿಸುವ ಕೆಲಸ, ಪೂರ್ಣವಾಗಿ ನಡೆಸಿದೆವು. ಇದಕ್ಕೆ ಕಾರಣವಿದೆ. ಮಿಶ್ರಾವಸ್ಥೆಯಲ್ಲಿ ರಿಪೇರ್ ನಡೆಸುವಂತಿಲ್ಲ, ಹೊಸ ನೋಡ್ ಸೇರಿಸುವಂತಿಲ್ಲ, ಇರುವ ನೋಡನ್ನು ತೆಗೆಯುವಂತಿಲ್ಲ. ಇವೆಲ್ಲವೂ ನೋಡ್‌ನಿಂದ ನೋಡ್‌ಗೆ ಡೇಟಾ ಫೈಲ್‌ಗಳನ್ನು ಹರಿಸುವ ಕೆಲಸಗಳು, ಮತ್ತು ಎರಡು ಆವೃತ್ತಿಗಳ ಫೈಲ್ ವಿನ್ಯಾಸ ಬೇರೆ ಬೇರೆ. ಇತ್ತ ಅಳಿಸಿದ ಡೇಟಾದ ಗುರುತುಗಳು ಡಿಫಾಲ್ಟ್ ಆಗಿ ಉಳಿಯುವುದು 10 ದಿನ, ಅಂದರೆ 8,64,000 ಸೆಕೆಂಡು. ಅಷ್ಟರೊಳಗೆ ರಿಪೇರ್ ಆಗದಿದ್ದರೆ ಅಳಿಸಿದ ಸಾಲುಗಳು ಮತ್ತೆ ತಲೆಯೆತ್ತಬಹುದು. ಆದ್ದರಿಂದ ರಿಪೇರ್ ಮುಗಿದ ಗಳಿಗೆಯಿಂದಲೇ ಈ 10 ದಿನಗಳ ಲೆಕ್ಕ ಶುರುವಾಯಿತು ಎಂದು ಭಾವಿಸಿ ಉಳಿದ ವೇಳಾಪಟ್ಟಿ ಹಾಕಿದೆವು. ರಿಪೇರ್‌ಗಳನ್ನು ನಿಗದಿತ ವೇಳೆಗೆ ನಡೆಸುವ ರೀಪರ್ ಉಪಕರಣದ ಎಲ್ಲ ಶೆಡ್ಯೂಲ್‌ಗಳನ್ನೂ ತಡೆಹಿಡಿದೆವು.

ಎರಡನೆಯ ಪರಿಶೀಲನೆ ಲಾಗಿನ್‌ಗೆ ಸಂಬಂಧಿಸಿದ್ದು. ಬಳಕೆದಾರರ ಹೆಸರು, ಪಾಸ್‌ವರ್ಡ್, ಅನುಮತಿಗಳು ಇರುವ ಸಿಸ್ಟಂ-ಆಥ್ ಕೀಸ್ಪೇಸ್‌ನ (ಟೇಬಲ್‌ಗಳ ಗುಂಪಿನ) ರೆಪ್ಲಿಕೇಶನ್ ಡಿಫಾಲ್ಟ್ ಆಗಿ 1 ಮಾತ್ರ ಇರುತ್ತದೆ. ಅದನ್ನು ಹಾಗೆಯೇ ಬಿಟ್ಟರೆ, ಆ ಒಂದು ಪ್ರತಿ ಇರುವ ನೋಡನ್ನು ಇಳಿಸಿದ ತಕ್ಷಣ ಕೆಲವು ಸೇವೆಗಳು ಲಾಗಿನ್ ಆಗಲಾರವು; ಡೇಟಾದ ಮೂರು ಪ್ರತಿಗಳಿದ್ದೂ ಪ್ರಯೋಜನವಿಲ್ಲ. ನಮ್ಮಲ್ಲಿ ಅದು ಈಗಾಗಲೇ 3 ಇತ್ತು. ನಿಮ್ಮಲ್ಲಿ ಇಲ್ಲದಿದ್ದರೆ ಬದಲಿಸಿ, ಆ ಕೀಸ್ಪೇಸ್‌ಗೆ ರಿಪೇರ್ ನಡೆಸಿದ ಮೇಲೆಯೇ ಮುಂದುವರಿಯಿರಿ.

ಮೂರನೆಯದು ಹಳೆಯ ಫೈಲ್‌ಗಳ ಹುಡುಕಾಟ. ಡಿಸ್ಕ್‌ನಲ್ಲಿ ಡೇಟಾ ಇರುವ ಎಸ್‌ಎಸ್‌ಟೇಬಲ್ ಫೈಲಿನ ಹೆಸರು ಎರಡು ಅಕ್ಷರಗಳಿಂದ ಆರಂಭವಾಗುತ್ತದೆ: 3.11ರ ಈಚಿನ ಉಪ-ಆವೃತ್ತಿಗಳಲ್ಲಿ ‘ಎಂಡಿ’ ಅಥವಾ ‘ಎಂಇ’, 4.1ರಲ್ಲಿ ‘ಎನ್‌ಬಿ’. 4.xಗೆ 3.0ಕ್ಕಿಂತ ಹಿಂದಿನ ವಿನ್ಯಾಸವನ್ನು ಓದಲು ಬರುವುದಿಲ್ಲ. ಅಂಥ ಒಂದೇ ಒಂದು ಫೈಲ್ ಡೇಟಾ ಡೈರೆಕ್ಟರಿಯಲ್ಲಿದ್ದರೂ ನೋಡ್ ಆರಂಭವಾಗಲು ನಿರಾಕರಿಸುತ್ತದೆ. ನಮ್ಮ ಕ್ಲಸ್ಟರ್ ಹುಟ್ಟಿದ್ದು 2.2ರ ಕಾಲದಲ್ಲಿ. ‘ಫೈಂಡ್’ ಆಜ್ಞೆಯಿಂದ ಹುಡುಕಿದಾಗ, ಯಾರೂ ಬರೆಯದೆ, ಫೈಲ್‌ಗಳನ್ನು ಒಟ್ಟುಗೂಡಿಸಿ ಹೊಸದಾಗಿ ಬರೆಯುವ ಕಂಪ್ಯಾಕ್ಷನ್ ಮುಟ್ಟದೆ ಉಳಿದಿದ್ದ ಕೆಲವು ಟೇಬಲ್‌ಗಳಲ್ಲಿ ‘ಎಲ್‌ಎ’ ಎಂದು ಆರಂಭವಾಗುವ ಫೈಲ್‌ಗಳು ಸಿಕ್ಕವು. 3.11ರಲ್ಲಿಯೇ ‘ನೋಡ್‌ಟೂಲ್ ಅಪ್‌ಗ್ರೇಡ್‌ಎಸ್‌ಎಸ್‌ಟೇಬಲ್ಸ್’ ನಡೆಸಿ ಅವನ್ನು ಹೊಸದಾಗಿ ಬರೆಸಿದೆವು.

ಹಂತ 2: ತಾಲೀಮು

ಮುಂಬೈ ವಲಯದಲ್ಲೇ, ಅದೇ ಸ್ನಿಚ್ (ನೋಡ್ ಯಾವ ಡೇಟಾಸೆಂಟರಿನ ಯಾವ ರ‍್ಯಾಕ್‌ನಲ್ಲಿದೆ ಎಂದು ಹೇಳುವ ಭಾಗ), ಅದೇ ಪ್ಯಾಕೇಜ್ ಇಟ್ಟುಕೊಂಡು ಮೂರು ಸಣ್ಣ ನೋಡ್‌ಗಳ ಒಂದು ತಾಲೀಮು ಕ್ಲಸ್ಟರ್ ಕಟ್ಟಿದೆವು. ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟ ಖರ್ಚು ಇದು. ನೋಡ್ ಏಳದಂತೆ ಮಾಡಿದ ಬಹುತೇಕ ಎಲ್ಲ ತೊಡಕುಗಳೂ ಇಲ್ಲಿಯೇ ಎದುರಾದವು.

ಮೊದಲ ಪ್ರಯತ್ನದಲ್ಲಿ ಹಳೆಯ ಕಸಾಂಡ್ರಾ ಯಾಮಲ್ (ಸಂರಚನೆಯ) ಫೈಲನ್ನು ಹಾಗೆಯೇ ಉಳಿಸಿಕೊಂಡು ಹೊಸ ಆವೃತ್ತಿಯನ್ನು ಆರಂಭಿಸಿದೆವು. 4.0ರಿಂದ ಥ್ರಿಫ್ಟ್ ಎಂಬ ಹಳೆಯ ಸಂಪರ್ಕ ವಿಧಾನ ಸಂಪೂರ್ಣವಾಗಿ ಹೋಗಿದೆ. ಹಳೆಯ ಫೈಲಿನಲ್ಲಿ ‘ಸ್ಟಾರ್ಟ್-ಆರ್‌ಪಿಸಿ’, ‘ಆರ್‌ಪಿಸಿ-ಪೋರ್ಟ್’ ಮುಂತಾದ ಸಾಲುಗಳು ಉಳಿದಿದ್ದ ಕಾರಣ, ಈ ಗುಣಗಳನ್ನು ತೆಗೆದುಹಾಕಿ ಎಂಬ ಸಂದೇಶ ಕೊಟ್ಟು ನೋಡ್ ನಿಂತಿತು. ಹಾಗಾದರೆ 4.1ರ ಹೊಸ ಯಾಮಲ್ ಫೈಲನ್ನೇ ಆಧಾರವಾಗಿಟ್ಟುಕೊಂಡು ನಮ್ಮ ಬದಲಾವಣೆಗಳನ್ನು ಅದರೊಳಗೆ ತರೋಣ ಎಂದು ತಿರುಗಿಸಿ ಮಾಡಿದೆವು. ಈ ಸಲ ಟೋಕನ್‌ಗಳ (ನೋಡ್ ಹೊರುವ ಡೇಟಾ ಪಾಲುಗಳ) ಸಂಖ್ಯೆಯನ್ನು 256ರಿಂದ 16ಕ್ಕೆ ಬದಲಿಸಲಾಗದು ಎಂಬ ದೋಷ ಬಂತು. ಟೋಕನ್‌ಗಳ ಡಿಫಾಲ್ಟ್ ಸಂಖ್ಯೆಯನ್ನು 4.0ರಲ್ಲಿ 16ಕ್ಕೆ ಇಳಿಸಲಾಗಿದೆ. ನಮ್ಮ ಹಳೆಯ ಫೈಲಿನಲ್ಲಿ ಅದು 256 ಆಗಿತ್ತು. ಈಗಾಗಲೇ ಡೇಟಾ ಹೊಂದಿರುವ ನೋಡ್‌ನಲ್ಲಿ ಇದು ಬದಲಾಗುವಂತಿಲ್ಲ, ಹೀಗಾಗಿ 256ನ್ನೇ ಬರೆದೆವು.

ಅದನ್ನು ಸರಿಪಡಿಸಿದ ಮೇಲೆ ಇನ್ನೊಂದು ತಡೆ. ನಾವು ಬಳಸುವ ಇಸಿ2 ಸ್ನಿಚ್ 3.11ರಲ್ಲಿ ಡೇಟಾಸೆಂಟರಿನ ಹೆಸರನ್ನು ‘ಎಪಿ-ಸೌತ್’ ಎಂದೂ ರ‍್ಯಾಕನ್ನು ‘1ಎ’ ಎಂದೂ ಕೊಡುತ್ತಿತ್ತು. 4.0ರಿಂದ ಅದರ ಡಿಫಾಲ್ಟ್ ಹೆಸರಿಡುವ ಕ್ರಮ ಬದಲಾಗಿ ‘ಎಪಿ-ಸೌತ್-1’, ‘ಎಪಿ-ಸೌತ್-1ಎ’ ಎಂದಾಗುತ್ತದೆ. ಡಿಸ್ಕ್‌ನಲ್ಲಿ ದಾಖಲಾಗಿದ್ದ ಹೆಸರಿಗೂ ಸ್ನಿಚ್ ಹೇಳುವ ಹೆಸರಿಗೂ ತಾಳೆಯಾಗದೆ ನೋಡ್ ಆರಂಭವಾಗಲಿಲ್ಲ. ಅದು ಆರಂಭವಾಗದೆ ನಿಂತದ್ದೇ ಒಳ್ಳೆಯದು. ಹೊಸ ಹೆಸರಿನ ಡೇಟಾಸೆಂಟರಿಗೆ ನಮ್ಮ ಯಾವ ಕೀಸ್ಪೇಸ್‌ನಲ್ಲೂ ರೆಪ್ಲಿಕೇಶನ್ ನಿಗದಿಯಾಗಿರಲಿಲ್ಲ. ರ‍್ಯಾಕ್-ಡಿಸಿ ಪ್ರಾಪರ್ಟೀಸ್ ಫೈಲಿನಲ್ಲಿ ಹೆಸರಿಡುವ ಕ್ರಮವನ್ನು ‘ಲೆಗಸಿ’ ಎಂದು ಬರೆದ ಮೇಲೆ ಇದು ಬಗೆಹರಿಯಿತು.

ಜಾವಾ ವಿಷಯದಲ್ಲೂ ಹೊತ್ತು ಹೋಯಿತು. 3.11 ಓಡುವುದು ಜಾವಾ 8ರ ಮೇಲೆ ಮಾತ್ರ, 4.1 ಜಾವಾ 8 ಮತ್ತು 11 ಎರಡರಲ್ಲೂ ಓಡುತ್ತದೆ. ನಾವು 11ಕ್ಕೆ ಹೋಗಲು ಬಯಸಿದ್ದೆವು. ಪ್ಯಾಕೇಜ್ ಹಾಕುವಾಗ ಎನ್ವಿರಾನ್‌ಮೆಂಟ್ ಸ್ಕ್ರಿಪ್ಟನ್ನು ಹಳೆಯದೇ ಇರಲಿ ಎಂದು ಉತ್ತರಿಸಿದ್ದರಿಂದ ಅದು ಹಳೆಯ ‘ಜೆವಿಎಂ-ಆಪ್ಶನ್ಸ್’ ಫೈಲನ್ನೇ ಓದಿತು. ಅದರಲ್ಲಿದ್ದ ‘ಪ್ರಿಂಟ್-ಜಿಸಿ-ಡೇಟ್-ಸ್ಟಾಂಪ್ಸ್’ ಎಂಬ ಆಯ್ಕೆ ಜಾವಾ 11ಕ್ಕೆ ಗೊತ್ತಿಲ್ಲದ ಕಾರಣ ಜಾವಾ ಪ್ರಕ್ರಿಯೆಯೇ ಹುಟ್ಟಲಿಲ್ಲ. 4.xನಲ್ಲಿ ಈ ಆಯ್ಕೆಗಳು ಮೂರು ಫೈಲ್‌ಗಳಾಗಿ ಒಡೆದಿವೆ: ಎರಡೂ ಜಾವಾಗಳಿಗೆ ಸಮಾನವಾದದ್ದು ಒಂದು, 8ಕ್ಕೆ ಒಂದು, 11ಕ್ಕೆ ಒಂದು. ಹೊಸ ಸ್ಕ್ರಿಪ್ಟನ್ನು ಸ್ವೀಕರಿಸಿ, ನಮ್ಮ ಹೀಪ್ (ಜಾವಾ ಬಳಸುವ ಮೆಮೊರಿ) ಗಾತ್ರವನ್ನು ಸಮಾನ ಫೈಲಿಗೆ ಕೈಯಾರೆ ಸಾಗಿಸಿದೆವು. ಇದನ್ನು ಮರೆತರೆ ನೋಡ್ ಏನೂ ಹೇಳದೆ ಆರಂಭವಾಗಿ ಹೀಪ್ ಗಾತ್ರವನ್ನು ತಾನೇ ಲೆಕ್ಕಹಾಕಿಕೊಳ್ಳುತ್ತದೆ. ದೋಷ ಸಂದೇಶ ಕೊಟ್ಟು ನಿಲ್ಲುವ ತಪ್ಪಿಗಿಂತ ಇಂಥ ಸದ್ದಿಲ್ಲದ ತಪ್ಪು ಹೆಚ್ಚು ಅಪಾಯಕಾರಿ ಎಂದು ನನ್ನ ಅಭಿಪ್ರಾಯ.

ಕೊನೆಯದು: ಉಬುಂಟುವಿನಲ್ಲಿ ಡೆಬಿಯನ್ ಪ್ಯಾಕೇಜ್ ಹಾಕಿ ಮುಗಿದ ಕೂಡಲೇ ಸೇವೆ ತಾನಾಗಿಯೇ ಆರಂಭವಾಗುತ್ತದೆ. ನಮ್ಮ ಕಾನ್ಫಿಗರೇಶನ್ ಫೈಲ್‌ಗಳನ್ನು ಇಡುವ ಮೊದಲೇ 4.1 ಎದ್ದುಬಿಡುವುದು ಬೇಡವಾಗಿತ್ತು. ಪ್ಯಾಕೇಜ್ ಹಾಕುವ ಮೊದಲು, ಸೇವೆ ಆರಂಭವಾಗದಂತೆ ತಡೆಯುವ ‘ಸಿಸ್ಟಂ-ಸಿಟಿಎಲ್ ಮಾಸ್ಕ್’ ನಡೆಸುವುದು, ಎಲ್ಲ ಸಿದ್ಧವಾದ ಮೇಲೆ ‘ಅನ್‌ಮಾಸ್ಕ್’ ಮಾಡುವುದು ಎಂದು ಕ್ರಮದಲ್ಲಿ ಸೇರಿಸಿದೆವು.

ಹಂತ 3: ಕ್ಲೈಂಟ್‌ಗಳು

3.11 ಕ್ಲೈಂಟ್‌ಗಳ ಜೊತೆ ಮಾತನಾಡುವುದು ನೇಟಿವ್ ಪ್ರೋಟೋಕಾಲ್‌ನ 4ನೆಯ ಆವೃತ್ತಿ, 4.0ರಿಂದ 5ನೆಯದೂ ಇದೆ. ಡ್ರೈವರ್ (ಸೇವೆಯನ್ನು ಕಸಾಂಡ್ರಾಗೆ ಜೋಡಿಸುವ ಲೈಬ್ರರಿ) ಮೊದಲು ಹೊಸ ನೋಡ್‌ಗೆ ಸಂಪರ್ಕಿಸಿ 5ನೆಯ ಆವೃತ್ತಿಗೆ ಒಪ್ಪಿಕೊಂಡುಬಿಟ್ಟರೆ ಹಳೆಯ ನೋಡ್‌ಗಳ ಜೊತೆ ಅದು ಮಾತನಾಡಲಾರದು. ಎಲ್ಲ ಸೇವೆಗಳ ಡ್ರೈವರ್ ಸಂರಚನೆಯಲ್ಲೂ ಪ್ರೋಟೋಕಾಲ್ ಆವೃತ್ತಿಯನ್ನು 4 ಎಂದು ಸ್ಥಿರಗೊಳಿಸಿ, ಮೊದಲ ನೋಡ್ ಮುಟ್ಟುವ ಮೊದಲೇ ಬಿಡುಗಡೆ ಮಾಡಿಸಿದೆವು.

ಮಿಶ್ರಾವಸ್ಥೆಯಲ್ಲಿ ಸ್ಕೀಮಾವನ್ನೂ (ಟೇಬಲ್‌ಗಳ ರಚನೆಯನ್ನೂ) ಬದಲಿಸುವಂತಿಲ್ಲ, ಏಕೆಂದರೆ ಬೇರೆ ಮುಖ್ಯ ಆವೃತ್ತಿಯ ನೋಡ್‌ನಿಂದ ಸ್ಕೀಮಾವನ್ನು ನೋಡ್‌ಗಳು ಎಳೆದುಕೊಳ್ಳುವುದಿಲ್ಲ. ಎಲ್ಲರಿಗೂ ಪತ್ರ ಬರೆದರೆ ಸಾಲದು ಎಂದು ಎಣಿಸಿ, ಸೇವೆಗಳು ಬಳಸುವ ಎಲ್ಲ ರೋಲ್‌ಗಳಿಂದ ಕ್ರಿಯೇಟ್, ಆಲ್ಟರ್, ಡ್ರಾಪ್ ಅನುಮತಿಗಳನ್ನು ತಾತ್ಕಾಲಿಕವಾಗಿ ಹಿಂತೆಗೆದುಕೊಂಡೆವು. ಅನುಮತಿಯ ಬದಲಾವಣೆ ಸ್ಕೀಮಾ ಬದಲಾವಣೆಯಲ್ಲದ ಕಾರಣ ಇದರಿಂದ ತೊಂದರೆಯಿಲ್ಲ. ಇದರ ಫಲ ಬೇಗನೆ ಕಂಡಿತು. ಅಪ್‌ಗ್ರೇಡ್ ನಡುವೆ ಒಂದು ತಂಡ ತನ್ನ ಸೇವೆಯ ಹೊಸ ಬಿಡುಗಡೆ ಮಾಡಿತು. ಆ ಸೇವೆ ಆರಂಭವಾದಾಗಲೆಲ್ಲ ‘ಇಲ್ಲದಿದ್ದರೆ ಟೇಬಲ್ ಸೃಷ್ಟಿಸು’ ಎಂಬ ಆಜ್ಞೆಯನ್ನು ಕಳುಹಿಸುತ್ತದೆ ಎಂಬುದು ನಮ್ಮ ಪಟ್ಟಿಯಲ್ಲಿರಲಿಲ್ಲ. ಟೇಬಲ್ ಮೊದಲೇ ಇದ್ದರೂ ಅನುಮತಿಯ ಪರೀಕ್ಷೆ ಮೊದಲು ನಡೆಯುವುದರಿಂದ ಅನುಮತಿಯಿಲ್ಲ ಎಂಬ ದೋಷ ಬಂದು ಸೇವೆ ಆರಂಭವಾಗಲಿಲ್ಲ. ಆ ತಂಡ ಹಳೆಯ ಬಿಡುಗಡೆಗೆ ಮರಳಿ, ಅಪ್‌ಗ್ರೇಡ್ ಮುಗಿಯುವವರೆಗೆ ಕಾಯಲು ಒಪ್ಪಿತು. ಒಂದು ಬಿಡುಗಡೆ ತಡವಾಯಿತು, ಆದರೆ ಅರ್ಧ ನೋಡ್‌ಗಳಿಗೆ ಮಾತ್ರ ಗೊತ್ತಿರುವ ಟೇಬಲ್ ಹುಟ್ಟಲಿಲ್ಲ.

ಹಂತ 4: ಹಿಂದಿರುಗುವ ದಾರಿ

ಈ ವಿಷಯದಲ್ಲಿ ತಂಡದೊಳಗೆ ಬಹಳ ಚರ್ಚೆಯಾಯಿತು. 4.1 ಬರೆದ ‘ಎನ್‌ಬಿ’ ಫೈಲ್‌ಗಳನ್ನು 3.11 ಓದಲಾರದು. ಹೊಸ ನೋಡ್ ಒಮ್ಮೆ ಮೆಮೊರಿಯಿಂದ ಡಿಸ್ಕ್‌ಗೆ ಬರೆದ ಮೇಲೆ ಪ್ಯಾಕೇಜನ್ನು ಹಿಂದಕ್ಕೆ ಹಾಕಿ ಆರಂಭಿಸುವ ದಾರಿ ಮುಚ್ಚುತ್ತದೆ. ಉಳಿಯುವುದು, ಮೊದಲೇ ತೆಗೆದಿಟ್ಟ ಸ್ನ್ಯಾಪ್‌ಶಾಟ್‌ಗೆ (ಆ ಹೊತ್ತಿನ ಡೇಟಾ ಸ್ಥಿತಿಯ ದಾಖಲೆಗೆ) ಮರಳುವುದು ಮಾತ್ರ. ಮರಳಿದರೆ ಆ ನಡುವೆ ಆ ನೋಡ್‌ಗೆ ಬಂದ ಬರಹಗಳು ಹೋಗುತ್ತವೆ.

ಮೊದಲ ರ‍್ಯಾಕ್ ಮಾತ್ರ ಹೊಸದಾಗಿದ್ದಾಗ ಇದು ಸಹಿಸಬಹುದಾದ ನಷ್ಟ. ಕೋರಂನಲ್ಲಿ ಒಪ್ಪಿಗೆಯಾದ ಯಾವುದೇ ಬರಹದ ಪ್ರತಿ ಉಳಿದೆರಡು ರ‍್ಯಾಕ್‌ಗಳಲ್ಲಿ ಒಂದರಲ್ಲಾದರೂ ಇದ್ದೇ ಇರುತ್ತದೆ. ಮೂರೂ ಕಡೆ 3.11 ಆದ ಮೇಲೆ ರಿಪೇರ್ ನಡೆಸಿ ಅದನ್ನು ಮರಳಿ ತುಂಬಿಸಬಹುದು. ರಿಪೇರ್ ಮುಗಿಯುವವರೆಗೆ ಕೆಲವು ಓದುಗಳು ಹಳೆಯ ಮೌಲ್ಯ ಕೊಡಬಹುದು ಎಂಬುದನ್ನು ಒಪ್ಪಿಕೊಳ್ಳಬೇಕು. ಎರಡನೆಯ ರ‍್ಯಾಕ್ ಆರಂಭಿಸಿದ ಮೇಲೆ ಲೆಕ್ಕವೇ ಬೇರೆ. ಹೊಸದಾದ ಎರಡು ಪ್ರತಿಗಳಿಗಷ್ಟೇ ತಲುಪಿ ಒಪ್ಪಿಗೆ ಪಡೆದ ಬರಹಗಳಿರುತ್ತವೆ; ಆ ಎರಡನ್ನೂ ಸ್ನ್ಯಾಪ್‌ಶಾಟ್‌ಗೆ ಹಿಂದಿರುಗಿಸಿದರೆ ಅವು ಶಾಶ್ವತವಾಗಿ ಹೋಗುತ್ತವೆ. ಆದ್ದರಿಂದ ಮೊದಲ ರ‍್ಯಾಕಿನ ಕೊನೆಯೇ ನಮ್ಮ ಕೊನೆಯ ಹಿಂದಿರುಗುವ ಸ್ಥಳ, ಅದನ್ನು ದಾಟಿದ ಮೇಲೆ ಏನೇ ಬಂದರೂ ಮುಂದಕ್ಕೇ ಹೋಗಬೇಕು ಎಂದು ಬರೆದಿಟ್ಟು, ಉತ್ಪನ್ನದ ಹೊಣೆ ಹೊತ್ತವರ ಒಪ್ಪಿಗೆಯನ್ನು ಲಿಖಿತವಾಗಿ ಪಡೆದೆವು.

ಹಂತ 5: ಮೊದಲ ನೋಡ್

ತಾಲೀಮಿನಲ್ಲಿ ಗಟ್ಟಿಯಾದ ಕ್ರಮ ಹೀಗಿತ್ತು. ಜಾವಾ 11ನ್ನು ಎಲ್ಲ ನೋಡ್‌ಗಳಲ್ಲೂ ಮುಂಚೆಯೇ ಹಾಕಿಟ್ಟಿದ್ದೆವು, ಆದರೆ ಡಿಫಾಲ್ಟ್ ಜಾವಾವನ್ನು ಆಯಾ ನೋಡಿನ ಸರದಿ ಬಂದಾಗ ಮಾತ್ರ ಬದಲಿಸಿದೆವು. ಮೊದಲೇ ಬದಲಿಸಿದ್ದರೆ ಇನ್ನೂ 3.11ರಲ್ಲಿರುವ ನೋಡ್ ಯಾವುದೋ ಕಾರಣಕ್ಕೆ ಮರು-ಆರಂಭವಾದಾಗ ಏಳುತ್ತಿರಲಿಲ್ಲ. ಸರದಿ ಬಂದ ನೋಡ್‌ನಲ್ಲಿ ಮೊದಲು ‘ನೋಡ್‌ಟೂಲ್ ಸ್ನ್ಯಾಪ್‌ಶಾಟ್’ ಹೆಸರು ಕೊಟ್ಟು ತೆಗೆದೆವು. ನಂತರ ‘ಡಿಸೇಬಲ್-ಬೈನರಿ’ ನಡೆಸಿ, ಕ್ಲೈಂಟ್‌ಗಳು ಬಳಸುವ 9042 ಪೋರ್ಟ್‌ನ ಸಂಪರ್ಕಗಳು ಖಾಲಿಯಾಗುವುದನ್ನು ‘ಎಸ್‌ಎಸ್’ ಆಜ್ಞೆಯಿಂದ ನೋಡಿದೆವು. ಆಮೇಲೆ ‘ಡ್ರೇನ್’ (ಮೆಮೊರಿಯಲ್ಲಿರುವುದನ್ನು ಡಿಸ್ಕ್‌ಗೆ ಬರೆಸುವುದು), ಸೇವೆ ನಿಲ್ಲಿಸುವುದು, ಮಾಸ್ಕ್, ಪ್ಯಾಕೇಜ್, ನಮ್ಮ ಫೈಲ್‌ಗಳು, ಜಾವಾ ಬದಲಾವಣೆ, ಅನ್‌ಮಾಸ್ಕ್, ಆರಂಭ. ಒಟ್ಟು 20 ನಿಮಿಷದ ಆಸುಪಾಸು.

ಇಲ್ಲಿ ನೆನಪಿಡಬೇಕಾದ ಇನ್ನೊಂದು ಗಡುವು 3 ಗಂಟೆಯದು. ನೋಡ್ ಇಳಿದಿರುವಾಗ ಅದಕ್ಕೆ ಸೇರಬೇಕಾದ ಬರಹಗಳನ್ನು ಉಳಿದ ನೋಡ್‌ಗಳು ಹಿಂಟ್‌ಗಳಾಗಿ ಇಟ್ಟುಕೊಳ್ಳುವುದು ಡಿಫಾಲ್ಟ್ ಆಗಿ ಅಷ್ಟು ಹೊತ್ತು ಮಾತ್ರ. ಅದು ಮೀರಿದರೆ ಕಳೆದುಹೋದದ್ದನ್ನು ತುಂಬಿಸಲು ರಿಪೇರ್ ಬೇಕು, ಆ ರಿಪೇರ್ ಈಗ ನಿಷಿದ್ಧ. ಆದ್ದರಿಂದ ಒಂದೂವರೆ ಗಂಟೆಯೊಳಗೆ ನೋಡ್ 4.1ರಲ್ಲಿ ಏಳದಿದ್ದರೆ ಪ್ರಯತ್ನ ನಿಲ್ಲಿಸಿ, ಸ್ನ್ಯಾಪ್‌ಶಾಟ್‌ನೊಡನೆ 3.11ಕ್ಕೆ ಮರಳಬೇಕು ಎಂದು ನಿಯಮ ಮಾಡಿಕೊಂಡಿದ್ದೆವು. ಅದನ್ನು ಬಳಸುವ ಸಂದರ್ಭ ಬರಲಿಲ್ಲ.

ನೋಡ್ ಎದ್ದ ಮೇಲೆ ‘ನೋಡ್‌ಟೂಲ್ ಸ್ಟೇಟಸ್’ ಅನ್ನು ಹೊಸ ನೋಡ್‌ನಿಂದಲೂ ಒಂದು ಹಳೆಯ ನೋಡ್‌ನಿಂದಲೂ ನೋಡಿದೆವು. ಎರಡೂ ಕಡೆ ಎಲ್ಲವೂ ‘ಯುಎನ್’ (ಎದ್ದಿದೆ, ಸಹಜವಾಗಿದೆ) ಎಂದು ಇರಬೇಕು. ‘ಡಿಸ್ಕ್ರೈಬ್-ಕ್ಲಸ್ಟರ್’ನಲ್ಲಿ ಎರಡು ಸ್ಕೀಮಾ ಆವೃತ್ತಿಗಳು ಕಾಣುತ್ತವೆ, ಹಳೆಯ ನೋಡ್‌ಗಳಿಗೆ ಒಂದು, ಹೊಸದಕ್ಕೆ ಒಂದು. ಮೊದಲ ಸಲ ನೋಡಿದವರಿಗೆ ಗಾಬರಿಯಾಗುವಂಥದ್ದು. ಈ ಹಂತದಲ್ಲಿ ಅದು ಸಹಜ. ಮೂರನೆಯ ಆವೃತ್ತಿ ಕಂಡರೆ ಮಾತ್ರ ನಿಲ್ಲಬೇಕು. ಒಂದು ಪೂರ್ತಿ ಹಗಲಿನ ದಟ್ಟಣೆಯನ್ನು ಆ ನೋಡ್ ಹೊತ್ತ ಮೇಲೆ, ‘ಟಿಪಿ-ಸ್ಟ್ಯಾಟ್ಸ್’ನಲ್ಲಿ ಕೈಬಿಟ್ಟ ಸಂದೇಶಗಳು ಹೆಚ್ಚಿಲ್ಲವೆಂದು ಕಂಡ ಮೇಲೆ ಮುಂದುವರಿದೆವು.

ಹಂತ 6: ಉಳಿದ ನೋಡ್‌ಗಳು

ಇದರ ಬಗ್ಗೆ ಹೇಳುವುದು ಕಡಿಮೆ. ರ‍್ಯಾಕ್ ರ‍್ಯಾಕಾಗಿ, ಪ್ರತಿ ರ‍್ಯಾಕ್‌ನಲ್ಲಿ ಒಂದೊಂದಾಗಿ ಮುಗಿಸಿದೆವು. ಹೊಸದಾಗಿ ಎದ್ದ ನೋಡ್‌ನ ಕ್ಯಾಶ್ ಖಾಲಿಯಾಗಿರುವುದರಿಂದ ಮೊದಲ ಕೆಲವು ನಿಮಿಷ ಓದಿನ ವಿಳಂಬ ಏರುತ್ತದೆ. ಅದು ಮೊದಲಿನ ಮಟ್ಟಕ್ಕೆ ಇಳಿಯುವವರೆಗೆ ಮುಂದಿನ ನೋಡನ್ನು ಮುಟ್ಟಲಿಲ್ಲ. ಮೊದಲ ರ‍್ಯಾಕ್ ಮುಗಿದಾಗ ನಿಂತು, ಅಂಕಿಅಂಶಗಳನ್ನು ಎಲ್ಲರೂ ಕೂತು ನೋಡಿ, ಹಿಂದಿರುಗುವ ದಾರಿಯನ್ನು ಬಿಟ್ಟುಕೊಡುತ್ತಿದ್ದೇವೆ ಎಂದು ಹೇಳಿಕೊಂಡೇ ಎರಡನೆಯದಕ್ಕೆ ಕೈಹಾಕಿದೆವು. ಕೊನೆಯ ನೋಡ್ ಎದ್ದಾಗ ಸ್ಕೀಮಾ ಆವೃತ್ತಿ ಮತ್ತೆ ಒಂದೇ ಆಯಿತು.

ಹಂತ 7: ಫೈಲ್‌ಗಳನ್ನು ಹೊಸದಾಗಿ ಬರೆಸುವುದು

ಎಲ್ಲ ನೋಡ್‌ಗಳೂ 4.1ರಲ್ಲಿದ್ದರೂ ಡಿಸ್ಕ್‌ನಲ್ಲಿರುವ ಬಹುಪಾಲು ಫೈಲ್‌ಗಳು ಇನ್ನೂ ಹಳೆಯ ವಿನ್ಯಾಸದವು. ‘ಅಪ್‌ಗ್ರೇಡ್‌ಎಸ್‌ಎಸ್‌ಟೇಬಲ್ಸ್’ ಆಜ್ಞೆಯನ್ನು ಮೊದಲ ನೋಡ್‌ನಲ್ಲಿ ಆರಂಭಿಸಿದಾಗ ಅದು ಬಹಳ ನಿಧಾನವಾಗಿತ್ತು. ಹಳೆಯ ಸಂರಚನೆಯಿಂದ ಕಂಪ್ಯಾಕ್ಷನ್ ವೇಗದ ಮಿತಿ ಸೆಕೆಂಡಿಗೆ 16 ಎಂಬಿ ಎಂದೇ ಬಂದಿತ್ತು. ಆ ವೇಗದಲ್ಲಿ 430 ಜಿಬಿಗೆ ಏಳೂವರೆ ಗಂಟೆಗೂ ಹೆಚ್ಚು ಹಿಡಿಯುತ್ತದೆ. 4.xನ ಡಿಫಾಲ್ಟ್ ಆದ 64ಕ್ಕೆ ಏರಿಸಿದೆವು, ಓದಿನ ವಿಳಂಬದಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ.

ನಿಜವಾದ ತೊಂದರೆ ಡಿಸ್ಕ್ ಜಾಗದ್ದು. ಕಸಾಂಡ್ರಾದ ಸ್ನ್ಯಾಪ್‌ಶಾಟ್ ಹಾರ್ಡ್ ಲಿಂಕ್‌ಗಳ, ಅಂದರೆ ಅದೇ ಫೈಲ್‌ಗಳಿಗೆ ಕೊಟ್ಟ ಇನ್ನೊಂದು ಹೆಸರಿನ, ಸಮೂಹ. ತೆಗೆದ ಹೊತ್ತಿನಲ್ಲಿ ಅದಕ್ಕೆ ಜಾಗವೇ ಬೇಕಾಗುವುದಿಲ್ಲ. ಆದರೆ ಮೂಲ ಫೈಲ್ ಹೊಸದಾಗಿ ಬರೆಯಲ್ಪಟ್ಟು ಅಳಿಸಿಹೋದಾಗ ಸ್ನ್ಯಾಪ್‌ಶಾಟ್ ಅದರ ಹಳೆಯ ಪ್ರತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಲ್ಲ ಫೈಲ್‌ಗಳನ್ನೂ ಹೊಸದಾಗಿ ಬರೆಸಿದರೆ 430 ಜಿಬಿ ಎಂಬುದು 860 ಆಗುತ್ತದೆ, ಅದರ ಮೇಲೆ ನಡೆಯುತ್ತಿರುವ ಕಂಪ್ಯಾಕ್ಷನ್‌ಗೆ ಬೇಕಾದ ತಾತ್ಕಾಲಿಕ ಜಾಗ ಬೇರೆ. ಡಿಸ್ಕ್ ಎಚ್ಚರಿಕೆಯ ಗಡಿ ದಾಟಿದ ಸಂದೇಶ ಬಂದಾಗ ‘ನೋಡ್‌ಟೂಲ್ ಸ್ಟಾಪ್’ ಆಜ್ಞೆಯಿಂದ ಈ ಕೆಲಸವನ್ನು ನಿಲ್ಲಿಸಿದೆವು. ಡಿಸ್ಕ್ ಹಿಗ್ಗಿಸೋಣ ಎಂಬ ಸಲಹೆ ಬಂತು. ಆದರೆ ಈ ಡಿಸ್ಕ್‌ಗಳನ್ನು ಹಿಗ್ಗಿಸಬಹುದೇ ಹೊರತು ಮತ್ತೆ ಕುಗ್ಗಿಸಲಾಗದು, ಒಂದು ದಿನದ ಅಗತ್ಯಕ್ಕೆ ತಿಂಗಳು ತಿಂಗಳೂ ಬಾಡಿಗೆ ತೆರಬೇಕಾಗುತ್ತದೆ.

ಉತ್ತರ 4ನೆಯ ಹಂತದಲ್ಲಿಯೇ ಇತ್ತು. ಎರಡನೆಯ ರ‍್ಯಾಕ್ ಆರಂಭವಾದ ಗಳಿಗೆಯಿಂದ ಆ ಸ್ನ್ಯಾಪ್‌ಶಾಟ್‌ಗಳಿಗೆ ಉಪಯೋಗವೇ ಇರಲಿಲ್ಲ, ಅವುಗಳಿಗೆ ಮರಳುವುದಿಲ್ಲ ಎಂದು ನಾವೇ ತೀರ್ಮಾನಿಸಿದ್ದೆವು. ಅವನ್ನು ಅಳಿಸುವ ಸಾಲು ಮಾತ್ರ ನಮ್ಮ ಕ್ರಮದಲ್ಲಿ ಬಿಟ್ಟುಹೋಗಿತ್ತು. ‘ಕ್ಲಿಯರ್-ಸ್ನ್ಯಾಪ್‌ಶಾಟ್’ಗೆ ಹೆಸರು ಕೊಟ್ಟು ಒಂಬತ್ತೂ ನೋಡ್‌ಗಳಲ್ಲಿ ಅಳಿಸಿದೆವು. ಜೊತೆಗೆ ‘ಲಿಸ್ಟ್-ಸ್ನ್ಯಾಪ್‌ಶಾಟ್ಸ್’ ನೋಡಿದಾಗ, ಆವೃತ್ತಿ ಬದಲಾದದ್ದನ್ನು ಗುರುತಿಸಿ ಕಸಾಂಡ್ರಾ ತಾನಾಗಿಯೇ ತೆಗೆದಿಟ್ಟಿದ್ದ ಸಿಸ್ಟಂ ಟೇಬಲ್‌ಗಳ ಸ್ನ್ಯಾಪ್‌ಶಾಟ್‌ಗಳೂ ಕಂಡವು. ಅವು ಚಿಕ್ಕವು, ಅವನ್ನೂ ಅಳಿಸಿದೆವು. ಆಮೇಲೆ ಒಂದು ಹೊತ್ತಿಗೆ ಒಂದು ರ‍್ಯಾಕ್‌ನಂತೆ ಕೆಲಸ ಮುಂದುವರಿಸಿದೆವು. ಈಗಾಗಲೇ ‘ಎನ್‌ಬಿ’ ಆದ ಫೈಲ್‌ಗಳನ್ನು ಈ ಆಜ್ಞೆ ಬಿಟ್ಟುಬಿಡುವುದರಿಂದ, ನಡುವೆ ನಿಲ್ಲಿಸಿದ ನೋಡ್‌ನಲ್ಲಿ ಮತ್ತೆ ಮೊದಲಿನಿಂದ ಮಾಡಬೇಕಾಗಲಿಲ್ಲ.

ಹಂತ 8: ಬಿಗಿದದ್ದನ್ನು ಸಡಿಲಿಸುವುದು

ಹಳೆಯ ವಿನ್ಯಾಸದ ಫೈಲ್ ಒಂದೂ ಉಳಿದಿಲ್ಲ ಎಂದು ‘ಫೈಂಡ್’ನಿಂದ ಖಚಿತಪಡಿಸಿಕೊಂಡ ಮೇಲೆ ರಿಪೇರ್ ಶೆಡ್ಯೂಲ್‌ಗಳನ್ನು ಮತ್ತೆ ಆರಂಭಿಸಿದೆವು, ಮೊದಲ ರಿಪೇರ್ 10 ದಿನಗಳ ಗಡುವಿನೊಳಗೇ ಮುಗಿಯಿತು. ನಂತರ ರೋಲ್‌ಗಳ ಅನುಮತಿಗಳನ್ನು ಮರಳಿ ಕೊಟ್ಟೆವು, ಕಾದಿದ್ದ ತಂಡ ತನ್ನ ಬಿಡುಗಡೆ ಮಾಡಿತು. ಪ್ರೋಟೋಕಾಲ್ ಆವೃತ್ತಿಯ ಸ್ಥಿರೀಕರಣವನ್ನು ಸೇವೆಗಳು ತಮ್ಮ ತಮ್ಮ ಮುಂದಿನ ಬಿಡುಗಡೆಗಳಲ್ಲಿ ತೆಗೆಯುತ್ತಿವೆ, ಅದಕ್ಕೆ ಆತುರವಿಲ್ಲ.

ಮುಂದಿನದು 5.0. ಅದರ ಯಾಮಲ್ ಫೈಲಿನಲ್ಲಿ ಸ್ಟೋರೇಜ್ ಹೊಂದಾಣಿಕೆಯ ಒಂದು ಆಯ್ಕೆ ಇದೆ. ಡಿಫಾಲ್ಟ್ ಆಗಿ ಅದು ‘ಕಸಾಂಡ್ರಾ-4’ ಎಂದಿರುತ್ತದೆ, ಅದನ್ನು ಬದಲಿಸುವವರೆಗೆ ನೋಡ್ 4.x ಓದಬಲ್ಲ ವಿನ್ಯಾಸದಲ್ಲೇ ಬರೆಯುತ್ತದೆ. ಈ ಸಲ ಮೊದಲ ರ‍್ಯಾಕಿನ ಕೊನೆಗೆ ಮುಚ್ಚಿಹೋದ ಹಿಂದಿರುಗುವ ದಾರಿ ಅಲ್ಲಿ ಇಡೀ ಕ್ಲಸ್ಟರ್ ಏರಿದ ಮೇಲೂ ತೆರೆದಿರುತ್ತದೆಯೇ ಎಂಬುದನ್ನು ತಾಲೀಮು ಕ್ಲಸ್ಟರಿನಲ್ಲಿ ಪರೀಕ್ಷಿಸಲು ಆರಂಭಿಸಿದ್ದೇವೆ. ಆ ಮೂರು ನೋಡ್‌ಗಳನ್ನು ಅದಕ್ಕಾಗಿಯೇ ಉಳಿಸಿಕೊಂಡಿದ್ದೇವೆ.